ಹಾಡು ಮೊದಲೋ, ಹೆಜ್ಜೆ ಮೊದಲೋ?

ಪ್ರಶ್ನೆ: ಮಂಗಳೂರಿನ ಕ್ರೈಸ್ತ ಮದುವೆಗಳಲ್ಲಿ ವಧೂವರರ ಮೊದಲ ನೃತ್ಯಕ್ಕೆ ತಯಾರಿ ಎಲ್ಲಿಂದ ಶುರುವಾಗಬೇಕು?

ಉತ್ತರ: ಹಾಡಿನಿಂದ. ವಾಲ್ಟ್ಸ್ ಎಂಬ ಜೋಡಿನೃತ್ಯ ಮಾಡುವುದಾದರೆ ಮೂರೆಣಿಕೆಯ ತಾಳ ಬೇಕು. ಜನಪ್ರಿಯ ಪ್ರೇಮಗೀತೆಗಳಲ್ಲಿ ಬಹುಪಾಲು ನಾಲ್ಕೆಣಿಕೆಯವು. ಅವಕ್ಕೆ ವಾಲ್ಟ್ಸ್ ಹೆಜ್ಜೆ ಹಾಕಿದರೆ ಎರಡನೆಯ ಸುತ್ತಿಗೇ ತಾಳ ತಪ್ಪುತ್ತದೆ. ವೇಗವೂ ಮುಖ್ಯ: ನಿಧಾನ ವಾಲ್ಟ್ಸ್ ನಿಮಿಷಕ್ಕೆ ಸುಮಾರು 90 ಎಣಿಕೆಯದು, ವಿಯೆನ್ನಾ ವಾಲ್ಟ್ಸ್ ಹೆಚ್ಚುಕಡಿಮೆ ಅದರ ಇಮ್ಮಡಿ, ನೆಲ ಮುಟ್ಟುವ ಗೌನ್ ತೊಟ್ಟ ಹೊಸಬರಿಗೆ ಅದು ಖಂಡಿತ ಬೇಡ. ಮೆಚ್ಚಿನ ಹಾಡು ಹಿಡಿದು, ಅದಕ್ಕೊಪ್ಪುವ ನಾಲ್ಕಾರು ಹೆಜ್ಜೆ ಕಲಿತರೆ ಸಾಕು. ಅಭ್ಯಾಸದಿಂದ ಸಹಜತೆ ಹೋಗುತ್ತದೆ ಎನ್ನುವವರಿದ್ದಾರೆ, ನಾನು ಒಪ್ಪಲಾರೆ. ಕಾಲಿಗೆ ದಾರಿ ಗೊತ್ತಿದ್ದಾಗಲೇ ಕಣ್ಣು ನೆಲ ಬಿಟ್ಟು ಸಂಗಾತಿಯ ಮುಖ ನೋಡುತ್ತದೆ. ಅಭ್ಯಾಸ ಮಾತ್ರ ಮದುವೆಯ ದಿನದ ಬೂಟು, ಹೈ ಹೀಲ್ಸ್ ತೊಟ್ಟೇ ನಡೆಯಲಿ. ಬ್ಯಾಂಡ್‌ನವರು ನುಡಿಸುವುದಾದರೆ ಅವರ ವೇಗವನ್ನು ಮುಂಚೆಯೇ ಕೇಳಿಕೊಳ್ಳಿ.