ರಣಹದ್ದಿನ ಮೂತ್ರಪಿಂಡ, ದನದ ಇಂಜೆಕ್ಷನ್

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಪಕ್ಷಿಧಾಮದ ಮರಗಳಲ್ಲಿ 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದುಗಳ ನೂರಾರು ಗೂಡುಗಳಿದ್ದವು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಅವುಗಳನ್ನು ಎಣಿಸಿ ಬರೆದಿಟ್ಟಿದ್ದರು. ಮುಂದಿನ ದಶಕ ಮುಗಿಯುವುದರೊಳಗೆ ಅಲ್ಲಿನ ಗೂಡುಗಳು ಖಾಲಿಯಾದವು. ಕೊಂಬೆಯ ಮೇಲೆ ಕತ್ತು ಜೋಲುಬಿಟ್ಟು ಕೂತ ಹದ್ದುಗಳು ಅಲ್ಲಿಂದಲೇ ಕೆಳಗೆ ಬಿದ್ದು ಸಾಯುತ್ತಿದ್ದವು. ಹಳೆಯ ಎಣಿಕೆ ಇಲ್ಲದಿದ್ದರೆ ಈ ಸಾವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ರಣಹದ್ದು ಕಡಿಮೆಯಾಯಿತೆಂದು ಊರಿನವರು ಅರ್ಜಿ ಕೊಡುವುದುಂಟೇ?

ಮೊದಲ ಅನುಮಾನ ಯಾವುದೋ ವೈರಸ್ಸಿನ ಮೇಲೆ. ಕೀಟನಾಶಕದ ಮೇಲೂ ಬೆರಳು ತೋರಿಸಿದವರಿದ್ದರು. ಸತ್ತ ಹಕ್ಕಿಗಳ ಒಳಗಂತೂ ಒಂದೇ ದೃಶ್ಯ: ಮೂತ್ರಪಿಂಡ ಕೆಟ್ಟು, ಕರುಳು ಯಕೃತ್ತುಗಳ ಮೇಲೆಲ್ಲ ಯೂರಿಕ್ ಆಮ್ಲದ ಬಿಳಿ ಲೇಪ.

ಗುಟ್ಟು ಬಯಲಾದದ್ದು ಗಡಿಯಾಚೆ. ಪಾಕಿಸ್ತಾನದ ಪಂಜಾಬಿನಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಅವರ ತಂಡ ವೈರಸ್, ಬ್ಯಾಕ್ಟೀರಿಯಾ, ಭಾರಲೋಹ, ಕೀಟನಾಶಕ ಎಲ್ಲವನ್ನೂ ಹುಡುಕಿ ಬರಿಗೈಯಲ್ಲಿ ಉಳಿದಿತ್ತು. ಆಮೇಲೆ ಅವರು ಹಕ್ಕಿಯನ್ನು ಬಿಟ್ಟು ಹಕ್ಕಿಯ ಊಟದ ಬೆನ್ನು ಹತ್ತಿದರು. ರಣಹದ್ದು ತಿನ್ನುವುದು ಸತ್ತ ದನವನ್ನು. ಹಾಗಿದ್ದರೆ ದನಕ್ಕೆ ಕೊಡುವ ಔಷಧಗಳಲ್ಲಿ ಮೂತ್ರಪಿಂಡವನ್ನು ಕೆಡಿಸುವಂಥದ್ದು ಯಾವುದು? ಪಶುವೈದ್ಯರನ್ನೂ ಔಷಧ ಮಾರುವವರನ್ನೂ ವಿಚಾರಿಸಿದಾಗ ಸಿಕ್ಕ ಹೆಸರು ಡೈಕ್ಲೋಫೆನಾಕ್. ಮನುಷ್ಯರ ಕೀಲುನೋವಿಗೆ ಬಳಸುವ ಅದೇ ಔಷಧ, ದನದ ಕುಂಟು, ಕೆಚ್ಚಲುಬಾವುಗಳಿಗೂ ಅಗ್ಗದ ಇಂಜೆಕ್ಷನ್ ಆಗಿತ್ತು. ಮೂತ್ರಪಿಂಡ ಕೆಟ್ಟು ಸತ್ತಿದ್ದ 25 ಹದ್ದುಗಳನ್ನು ಪರೀಕ್ಷಿಸಿದರೆ 25ರಲ್ಲೂ ಅದರ ಅಂಶ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಎಷ್ಟು ದನಗಳಿಗೆ ಈ ಸೂಜಿ ಚುಚ್ಚಿದ್ದರೆ ಇಷ್ಟು ಹದ್ದುಗಳು ಸಾಯಬೇಕು? ಗಣಿತದ ಉತ್ತರ ದಂಗುಬಡಿಸುವಂತಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಾಕು, ಈ ಕುಸಿತಕ್ಕೆ ಬೇರೆ ಕಾರಣ ಬೇಡ. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಒಟ್ಟಿಗೆ ಮುಗಿಬೀಳುತ್ತವೆ, ಆದರೆ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು ಕುಸಿಯಿತು.

ಸರ್ಕಾರ 2006ರಲ್ಲಿ ಪಶುಬಳಕೆಯ ಡೈಕ್ಲೋಫೆನಾಕ್ ನಿಷೇಧಕ್ಕೆ ಆದೇಶಿಸಿತು. ಸಂಶೋಧನೆ ಪ್ರಕಟವಾದ ಎರಡೇ ವರ್ಷಕ್ಕೆ ನಿಷೇಧ ಬಂದದ್ದು ನಮ್ಮ ಕಚೇರಿಗಳ ವೇಗಕ್ಕೆ ಅಪರೂಪ. ಅದಕ್ಕೊಂದು ಕಾರಣವಿತ್ತು. ‘ಇದು ಬೇಡ’ ಎಂದಷ್ಟೇ ಹೇಳಿ ವಿಜ್ಞಾನಿಗಳು ಕೈತೊಳೆದುಕೊಳ್ಳಲಿಲ್ಲ. ಮೆಲಾಕ್ಸಿಕ್ಯಾಮ್ ಎಂಬ ಇನ್ನೊಂದು ನೋವುನಿವಾರಕವನ್ನು ದಕ್ಷಿಣ ಆಫ್ರಿಕಾದ ಹದ್ದುಗಳ ಮೇಲೂ ನಮ್ಮ ಹದ್ದುಗಳ ಮೇಲೂ ಪ್ರಯೋಗಿಸಿ, ಅಪಾಯವಿಲ್ಲವೆಂದು ತೋರಿಸಿಕೊಟ್ಟರು. ಕುಂಟುವ ಎತ್ತಿನ ಮುಂದೆ ನಿಂತ ರೈತನಿಗೆ ಹದ್ದಿನ ಕಥೆಗಿಂತ ಬದಲಿ ಔಷಧ ಮುಖ್ಯ. ಪರಿಸರದ ವರದಿಗಳು ಬಹಳಷ್ಟು ಸಲ ಸೋಲುವುದು ಇಲ್ಲೇ.

ಆದರೆ ಮನುಷ್ಯರ ಡೈಕ್ಲೋಫೆನಾಕ್ ಅಂಗಡಿಯಲ್ಲಿ ಇದ್ದೇ ಇತ್ತು. ಅದರ 30 ಮಿಲಿಲೀಟರ್ ಸೀಸೆ ದನಕ್ಕೆ ಹೇಳಿ ಮಾಡಿಸಿದ ಅಳತೆ. ನಿಷೇಧವಾದ ಮೇಲೆ ದನಗಳ ಹೆಣಗಳಿಂದ ಮಾದರಿ ತೆಗೆದು ನೋಡಿದಾಗ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದ ಡೈಕ್ಲೋಫೆನಾಕ್ ಹೆಣಗಳ ಪ್ರಮಾಣ ಆರೇಳಕ್ಕೆ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. 2015ರಲ್ಲಿ ಮನುಷ್ಯರ ಇಂಜೆಕ್ಷನ್ನಿಗೆ 3 ಮಿಲಿಲೀಟರ್ ಮಿತಿ ಬಂತು. ಔಷಧ ಕಂಪನಿಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು; 2017ರಲ್ಲಿ ಮದ್ರಾಸ್ ಹೈಕೋರ್ಟ್ ಮಿತಿಯನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಡೈಕ್ಲೋಫೆನಾಕ್‌ನ ದಾಯಾದಿಗಳು ಕೊಟ್ಟಿಗೆ ಹೊಕ್ಕಿದ್ದವು. ಕಿಟೊಪ್ರೊಫೆನ್ ಹದ್ದನ್ನು ಕೊಲ್ಲುತ್ತದೆಂದು 2009ರ ಕೊನೆಯಲ್ಲೇ ಪ್ರಕಟವಾಗಿತ್ತು. ಅಸಿಕ್ಲೋಫೆನಾಕ್ ದನದ ಮೈ ಸೇರಿದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಇವೆರಡರ ಪಶುಬಳಕೆಗೆ ನಿಷೇಧ ಬಿದ್ದದ್ದು 2023ರಲ್ಲಿ! ಮೊದಲ ಸಲದ ಚುರುಕು ಎರಡನೇ ಸಲ ಕಾಣಲಿಲ್ಲ. ಹದ್ದಿಗೆ ವಿಷವೆಂದು ಸಾಬೀತಾದ ಔಷಧ ತಾನಾಗಿಯೇ ಪಶುಬಳಕೆಯಿಂದ ಹೊರಹೋಗುವ ವ್ಯವಸ್ಥೆ ಬೇಕೆಂದು ಕೇಂದ್ರದ 2020–25ರ ರಣಹದ್ದು ಸಂರಕ್ಷಣಾ ಯೋಜನೆಯೇ ಹೇಳಿತ್ತು.

ಹದ್ದುಗಳ ಅಳಿವಿನ ಬೆಲೆ ಮನುಷ್ಯರ ಲೆಕ್ಕದಲ್ಲೂ ಸಿಕ್ಕಿದೆ. ಹೆಣಗಳು ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. ಹಿಂದೆ ಹದ್ದುಗಳಿದ್ದ ಜಿಲ್ಲೆಗಳನ್ನು ಇಲ್ಲದಿದ್ದ ಜಿಲ್ಲೆಗಳೊಂದಿಗೆ ಹೋಲಿಸಿದ ಅರ್ಥಶಾಸ್ತ್ರಜ್ಞರಾದ ಐಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, 2000–2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಾಗಿವೆ ಎಂದು ಅಂದಾಜಿಸಿದ್ದಾರೆ.

ಕರ್ನಾಟಕದಲ್ಲಿ, ‘ಶೋಲೆ’ ಚಿತ್ರೀಕರಣವಾದ ರಾಮನಗರದ ಬಂಡೆಗಳ ನಡುವೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. 2012ರಲ್ಲಿ ಅಲ್ಲಿನ ರಾಮದೇವರ ಬೆಟ್ಟ ರಣಹದ್ದು ಧಾಮವೆಂದು ಘೋಷಣೆಯಾಯಿತು. ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು. ಅವು ಮೇವಿಗಾಗಿ ಹತ್ತಾರು ಕಿಲೋಮೀಟರ್ ದೂರ, ಧಾಮದ ಗಡಿಕಲ್ಲು ದಾಟಿ ಹಾರುತ್ತವೆ. ಅಲ್ಲಿ ಸತ್ತ ದನಕ್ಕೆ ಯಾವ ಔಷಧ ಹಾಕಿದ್ದರೆಂಬುದು ಅರಣ್ಯ ಇಲಾಖೆಯ ಕೈಯಲ್ಲಿಲ್ಲ.