ಕಾಲು, ಅರೆ, ವೀಸಕ್ಕೆ ಕಂಪ್ಯೂಟರಿನಲ್ಲಿ ಜಾಗ ಸಿಕ್ಕಿದ ಬಗೆ

ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಹಳೆಯ ಮನೆಯ ಅಟ್ಟದಲ್ಲಿ ಅಡಿಕೆ, ಕೊಬ್ಬರಿ ವ್ಯಾಪಾರದ ಕಿರ್ದಿ ಪುಸ್ತಕ ಸಿಕ್ಕರೆ, ಅಂಕಿಗಳ ಪಕ್ಕ ಎಳೆದಿರುವ ಗೀಟುಗಳನ್ನು ಗಮನಿಸಿ. ನೆಟ್ಟಗಿನ ಒಂದು ಗೀಟು ಕಾಲು, ಎರಡು ಅರೆ, ಮೂರು ಮುಕ್ಕಾಲು. ಓರೆಯಾದ ಒಂದು ಗೀಟು ವೀಸ, ಎಂದರೆ ಹದಿನಾರನೆಯ ಒಂದು ಪಾಲು, ರೂಪಾಯಿಯಲ್ಲಿ ಒಂದಾಣೆ. ಓರೆಯ ಎರಡು ಗೀಟು ಅರೆಕಾಲು. ಮೂರು ಗೀಟು ಮೂರು ವೀಸ. ಐದರ ಅಂಕಿಯ ಮುಂದೆ ನೆಟ್ಟಗಿನ ಎರಡು, ಓರೆಯ ಮೂರು ಗೀಟಿದ್ದರೆ ಐದು ರೂಪಾಯಿ ಹನ್ನೊಂದಾಣೆ: ಎಂಟಾಣೆಗೆ ಮೂರಾಣೆ ಕೂಡಿತು. ಅವೇ ಗೀಟುಗಳು ಸೇರಿನ ಲೆಕ್ಕಕ್ಕೆ ಬಂದರೆ ಪಾವು, ಚಟಾಕು. ಬರೀ ಆರು ಚಿಹ್ನೆಗಳಲ್ಲಿ ಒಂದಾಣೆಯಿಂದ ಹದಿನೈದಾಣೆಯವರೆಗೆ ಎಲ್ಲವನ್ನೂ ಬರೆಯಬಹುದಿತ್ತು. ಇಷ್ಟು ಅಚ್ಚುಕಟ್ಟಾದ ಬರವಣಿಗೆ ನಮ್ಮ ಕಣ್ಣೆದುರೇ ಓದಲು ಬಾರದಂತಾಗಿದೆ.

ಕಾಗದಕ್ಕೆ ಮೊದಲು ಕನ್ನಡ ನಾಡಿನ ಲೆಕ್ಕ ಕಡತದಲ್ಲಿರುತ್ತಿತ್ತು. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಸರಿಯೊಡನೆ ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಇದನ್ನು ವಿವರಿಸಿದ್ದಾನೆ. ಚಿತ್ರದುರ್ಗದ ಸೀಮೆಯಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಹಳೆಯ ಕಾಗದಪತ್ರ ಹುಡುಕಿ ಕೂಡಿಟ್ಟಿದ್ದರಿಂದಲೇ ಪಾಳೆಯಗಾರರ ಕಾಲದ ಎಷ್ಟೋ ಸಂಗತಿ ಉಳಿಯಿತು.

1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, ಮರುವರ್ಷ ಕಿಲೋಗ್ರಾಂ. ಆಣೆ, ಸೇರುಗಳ ಜತೆಗೆ ಗೀಟುಗಳ ಕೆಲಸವೂ ಮುಗಿಯಿತು. ಮುಂದೆ ಭಾರತದ ಲಿಪಿಗಳನ್ನು ಕಂಪ್ಯೂಟರಿಗೆ ತಂದ ಇಸ್ಕಿ ಸಂಕೇತದಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಅದರ ಜಾಡಿನಲ್ಲೇ ಬಂದ, ಜಗತ್ತಿನ ಲಿಪಿಗಳ ಸಾಮಾನ್ಯ ಸಂಕೇತವಾದ ಯುನಿಕೋಡ್‌ನ ಕನ್ನಡ ವಿಭಾಗದಲ್ಲೂ ಇರಲಿಲ್ಲ.

ನೆರೆಯವರು ಮೊದಲು ಎಚ್ಚೆತ್ತರು. 2008ರ ಯುನಿಕೋಡ್ 5.1ರಲ್ಲಿ ತೆಲುಗಿನ ಭಿನ್ನರಾಶಿ ಚಿಹ್ನೆಗಳು ಸೇರಿದವು; ಮಲಯಾಳದ ಕಾಲು, ಅರೆ, ಮುಕ್ಕಾಲುಗಳೂ ಆಗಲೇ ಬಂದವು. ಮಲಯಾಳಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಪುಸ್ತಕಗಳಿಂದ ಪುರಾವೆ ಹೆಕ್ಕಿ ಕೊಟ್ಟು, 2016ರ 9.0 ಆವೃತ್ತಿಯಲ್ಲಿ ನೂರರವತ್ತನೆಯ ಒಂದು ಪಾಲಿನಷ್ಟು ಸಣ್ಣ ಭಾಗದ ಚಿಹ್ನೆಗೂ ಸ್ಥಾನ ಪಡೆದರು. ತಮಿಳಿನ ಭಿನ್ನರಾಶಿಗಳು ಮಾತ್ರ ತಡವಾಗಿ, 2019ರಲ್ಲಿ ಬಂದವು.

ಕನ್ನಡದ ದಾರಿ ಬೇರೆ. ಅಂಶುಮಾನ್ ಪಾಂಡೆ ಎಂಬ ವಿದ್ವಾಂಸರು 2007ರಲ್ಲಿ ಉತ್ತರ ಭಾರತದ ಲೆಕ್ಕದ ಚಿಹ್ನೆಗಳಿಗಾಗಿ ಪ್ರಸ್ತಾವ ಸಲ್ಲಿಸಿದರು. ಅವು 2009ರ 5.2 ಆವೃತ್ತಿಯಲ್ಲಿ ಹಲವು ಲಿಪಿಗಳಿಗೆ ಸಾಮಾನ್ಯವಾದ ಒಂದು ವಿಭಾಗವಾಗಿ ಸೇರಿದವು. ಹೆಸರಿನಲ್ಲಿ ಉತ್ತರ ಎಂದಿದ್ದರೂ ಅವುಗಳಲ್ಲಿರುವ ಕಾಲು, ವೀಸಗಳ ಆರು ಗೀಟುಗಳು ನಮ್ಮವೂ ಹೌದು. ಅವುಗಳನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಯುನಿಕೋಡ್ ಈಗ ಕನ್ನಡವನ್ನೂ ಹೆಸರಿಸಿದೆ. ಗೂಗಲ್ ಫಾಂಟ್ಸ್‌ನ ಕನ್ನಡ ಅಕ್ಷರವ್ಯಾಪ್ತಿಯಲ್ಲೂ ಆ ಆರು ಇವೆ. ಕನ್ನಡಕ್ಕೆಂದೇ ಬೇರೆ ಸಂಕೇತ ಬೇಕಿತ್ತು ಎಂಬ ಹಟ ನನಗಿಲ್ಲ. ಮೋಡಿ, ದೇವನಾಗರಿ ಲಿಪಿಗಳೊಡನೆ ಹಂಚಿಕೊಂಡರೆ ನಷ್ಟವೇನೂ ಇಲ್ಲ.

ನಷ್ಟವಾಗುವುದು ನಾವು ತಪ್ಪಾಗಿ ಟೈಪ್ ಮಾಡಿದಾಗ. ಕಾಲಿನ ಗೀಟು ನೋಡಲು ಪದ್ಯದ ಕೊನೆಯ ದಂಡದಂತೆಯೇ ಇರುತ್ತದೆ. ಅದಕ್ಕೆ ದಂಡವನ್ನೇ ಹಾಕಿದರೆ ಕಂಪ್ಯೂಟರಿಗೆ ಅದು ವಾಕ್ಯ ಮುಗಿದ ಗುರುತು, ನಾಲ್ಕಾಣೆ ಮಾಯ. ಸರಿಯಾದ ಚಿಹ್ನೆಗೆ ಯುನಿಕೋಡ್ 1/4 ಎಂಬ ಬೆಲೆಯನ್ನೇ ಕಟ್ಟಿಕೊಟ್ಟಿದೆ. ಅದನ್ನು ಓದುವ ತಂತ್ರಾಂಶ ಬರೆದರೆ ಇಡೀ ಕಿರ್ದಿಯ ಮೊತ್ತ ಕೂಡಬಹುದು, ಒಂದು ವರ್ಷದ ಅಡಿಕೆ ಧಾರಣೆಯನ್ನು ಇನ್ನೊಂದರೊಡನೆ ಹೋಲಿಸಬಹುದು. ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆಯಲ್ಲಿ ಈ ಚಿಹ್ನೆಗಳಿಗೆ ಕೀಲಿ ಇಲ್ಲದಿರುವುದು ದೊಡ್ಡ ಕೊರತೆ. ಕನ್ನಡ ತಂತ್ರಾಂಶ ಮಾಡುವವರು ಇದನ್ನು ಮೊದಲು ಸರಿಪಡಿಸಬೇಕು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ಅಂಗಡಿಯ ಹಳೆಯ ಖಾತೆಯನ್ನೋ ಶ್ಯಾನುಭೋಗರ ಮನೆಯ ಕಡತವನ್ನೋ ರದ್ದಿಗೆ ಹಾಕಬೇಡಿ. ಪುಟ ಪುಟವನ್ನೂ ಬೆಳಕಿನಲ್ಲಿಟ್ಟು ಫೋಟೊ ತೆಗೆಯಿರಿ. ಕಾಲು, ಅರೆ, ವೀಸದ ಮಗ್ಗಿ ಬಾಯಿಪಾಠ ಬರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈಗಲೇ ಓದಿಸಿ ಬರೆದಿಟ್ಟುಕೊಳ್ಳಿ.