ಪುಟದೊಳಗೆ ಹಿಡಿಸದ ಸೌರವ್ಯೂಹ

ಜನಪ್ರಿಯ ವಿಜ್ಞಾನ ಪತ್ರಿಕೆಯ ಚಿತ್ರಕಾರನಿಗೆ ಒದಗುವ ಧರ್ಮಸಂಕಟಗಳಲ್ಲೆಲ್ಲ ಸೌರವ್ಯೂಹದ ಚಿತ್ರಣವೇ ಅತಿ ಜಟಿಲವಾದುದು. ಭೂಮಿಯನ್ನು 1 ಮಿಲಿಮೀಟರ್ ವ್ಯಾಸದ ಚುಕ್ಕೆಯಾಗಿ ಬರೆದನೆನ್ನಿ. ಅದೇ ಪ್ರಮಾಣದಲ್ಲಿ ಸುಮಾರು 11 ಸೆಂಟಿಮೀಟರಿನ ಸೂರ್ಯಬಿಂಬವು ಪುಟದೊಳಗೆ ಸುಖವಾಗಿ ಅಡಗುವುದಾದರೂ, ಅವೆರಡರ ನಡುವಣ ಅಂತರವನ್ನು ಯಥಾರ್ಥವಾಗಿ ತೋರಿಸಹೊರಟರೆ ಆ ಚುಕ್ಕೆಯನ್ನು ಹೆಚ್ಚುಕಡಿಮೆ 12 ಮೀಟರ್ ಆಚೆಗೆ, ನೆಪ್ಚೂನನ್ನಂತೂ ಸುಮಾರು 350 ಮೀಟರ್ ದೂರದಲ್ಲಿ, ಎಂದರೆ ಮುದ್ರಣಾಲಯದ ಕಾಂಪೌಂಡನ್ನೂ ದಾಟಿ ಯಾರದೋ ಹಿತ್ತಲಿನಲ್ಲಿ, ಇರಿಸಬೇಕಾಗುತ್ತದೆ. ಆದುದರಿಂದಲೇ ಬಾಲ್ಯದಿಂದ ನಾವು ಕಂಡ ಇಂತಹ ಚಿತ್ರಗಳಲ್ಲಿ ಗಾತ್ರವೋ ದೂರವೋ, ಬಹುಮಟ್ಟಿಗೆ ಎರಡೂ, ತಿರುಚಲ್ಪಟ್ಟಿವೆ. ಅನಿವಾರ್ಯವಾದ ಈ ವಿಕಾರವನ್ನು ನಾನು ಮನ್ನಿಸಬಲ್ಲೆ. ಅದನ್ನು ಚಿತ್ರದಡಿಯಲ್ಲಿ ತಿಳಿಸದೆ ಬಿಡುವ ಔದಾಸೀನ್ಯವನ್ನು ಮನ್ನಿಸಲಾರೆ.

ಅಂಕಿಅಂಶಗಳನ್ನು ವೃತ್ತಗಳಿಂದ ಸೂಚಿಸುವಾಗಲೂ ಜಾಗರೂಕತೆ ಬೇಕು. ಇಮ್ಮಡಿಯಾದ ಮೊತ್ತವನ್ನು ತೋರಿಸಲು ವ್ಯಾಸವನ್ನೂ ಇಮ್ಮಡಿಸಿದರೆ ವಿಸ್ತೀರ್ಣವು ನಾಲ್ಮಡಿಯಾಗಿ ಕಣ್ಣು ಮೋಸಹೋಗುತ್ತದೆ. ವ್ಯಾಸವು ಸುಮಾರು 1.41 ಪಟ್ಟು ಬೆಳೆದರೆ ಸಾಕು.

ವಾಚಕ ಮಹಾಶಯರೇ, ಮುಂದಿನ ಬಾರಿ ಗ್ರಹಗಳ ಚಿತ್ರವೊಂದನ್ನು ಕಂಡಾಗ, ಮೂಲೆಯಲ್ಲಿ ‘ಪ್ರಮಾಣಾನುಸಾರವಲ್ಲ’ ಎಂಬ ಸಣ್ಣಕ್ಷರದ ಸೂಚನೆಯಿದೆಯೇ ಎಂದು ದಯವಿಟ್ಟು ನೋಡಿರಿ. ಇಲ್ಲದಿದ್ದರೆ ಸಂಪಾದಕರಿಗೆ ಒಂದು ಕಾಗದ ಬರೆಯಿರಿ.